ಸಾಕಾರಮಂತ್ರಭೇದ ಮತ್ತು ಅಂತರ್ಜಾಲದ ಮುಸುಕು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳು ಬರುತ್ತವೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಎರಡು ಪರರ ಗುಟ್ಟಿಗೆ ಸಂಬಂಧಿಸಿದವು. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲುಮಾಡುವುದು ರಹೋಭ್ಯಾಖ್ಯಾನ. ಹುಬ್ಬಿನ ಚಲನೆ, ಅಂಗವಿಕಾರ, ಸಂದರ್ಭಗಳಿಂದ ಪರರ ಮನದ ಇಂಗಿತವನ್ನು ಊಹಿಸಿ, ಅಸೂಯೆ ಮೊದಲಾದ ಕಾರಣಗಳಿಂದ ಹೊರಹಾಕುವುದು ಸಾಕಾರಮಂತ್ರಭೇದ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಆಡಿದ ಮಾತು ನಿಜವೇ ಆಗಿದ್ದರೂ ವ್ರತಕ್ಕೆ ಕಳಂಕ ತಪ್ಪದು.

ಈ ಕೊನೆಯ ಅತಿಚಾರ ಇಂದಿನ ಮೊಬೈಲ್ ಯುಗಕ್ಕೆ ಎಷ್ಟು ಹತ್ತಿರದ್ದು! 2016ರಿಂದ ವಾಟ್ಸಾಪ್ ಸಂದೇಶಗಳು ಕಳುಹಿಸಿದವರಿಂದ ಪಡೆದವರವರೆಗೆ ಗೂಢಲಿಪಿಯಲ್ಲಿ ಸಾಗುತ್ತಿವೆ, ನಡುವಿನವರು ಓದಲಾರರು. ಆದರೆ ಲಕೋಟೆಯ ಒಳಗಿನ ಪತ್ರ ಕಾಣದಿದ್ದರೂ ಮೇಲಿನ ವಿಳಾಸ ಕಾಣುವುದಲ್ಲ? ಯಾರು, ಯಾರೊಡನೆ, ಯಾವ ಹೊತ್ತಿನಲ್ಲಿ, ಎಷ್ಟು ಬಾರಿ ಮಾತನಾಡಿದರು ಎಂಬುದು ತಿಳಿದರೆ ಸಾಕು. ಒಬ್ಬಾಕೆ ಕ್ಯಾನ್ಸರ್ ತಜ್ಞರಿಗೆ ವಾರದಲ್ಲಿ ಐದು ಸಲ ಕರೆ ಮಾಡಿದ್ದರೆ, ಮಾತು ಕೇಳದೆಯೇ ಆಕೆಯ ಮನೆಯ ಸಂಕಟ ಊಹೆಗೆ ಸಿಕ್ಕುತ್ತದೆ. ಹುಬ್ಬಿನ ಚಲನೆಯನ್ನು ಈಗ ಯಂತ್ರವೇ ಓದುತ್ತಿದೆ.

ಈ ಲಕೋಟೆಯನ್ನೂ ಮರೆಮಾಡಲು ಹುಟ್ಟಿದ್ದು ‘ಟಾರ್’ ಜಾಲ. 1990ರ ದಶಕದಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದಲ್ಲಿ ರೂಪುಗೊಂಡ ಇದರ ಮೂಲ ವಿಧಾನಕ್ಕೆ ‘ಈರುಳ್ಳಿ ಮಾರ್ಗ’ವೆಂದು ಹೆಸರು. (ನಮ್ಮ ಅಡುಗೆಮನೆಗೆ ಬಾರದ ಗಡ್ಡೆ ಅಂತರ್ಜಾಲದಲ್ಲಾದರೂ ಉಪಯೋಗಕ್ಕೆ ಬಂದಿತು!) ಸಂದೇಶಕ್ಕೆ ಪದರದ ಮೇಲೆ ಪದರ ಗೂಢಲಿಪಿಯನ್ನು ಹೊದಿಸಿ, ಸ್ವಯಂಸೇವಕರು ನಡೆಸುವ ಮೂರು ಕಂಪ್ಯೂಟರುಗಳ ಮೂಲಕ ಸಾಗಿಸುತ್ತಾರೆ. ಮೊದಲನೆಯದಕ್ಕೆ ಹೊರಟವರು ಗೊತ್ತು, ಗುರಿ ಗೊತ್ತಿಲ್ಲ. ಕೊನೆಯದಕ್ಕೆ ಗುರಿ ಗೊತ್ತು, ಹೊರಟವರು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ತಿಳಿಯದು. ಇದಕ್ಕೆ ತೆರಬೇಕಾದ ಬೆಲೆ ನಿಧಾನಗತಿ. ಒಳಹೊಕ್ಕು ತನ್ನ ನಿಜನಾಮದಿಂದಲೇ ಖಾತೆ ತೆರೆದರಂತೂ ಮುಸುಕು ವ್ಯರ್ಥ.

ಸೆನ್ಸಾರ್ ಬಿಗಿಯಾಗಿರುವ ದೇಶಗಳ ಪತ್ರಕರ್ತರಿಗೆ, ಹಿಂಸಿಸುವ ಗಂಡನಿಂದ ತಪ್ಪಿಸಿಕೊಂಡ ಹೆಣ್ಣುಮಗಳಿಗೆ ಈ ಮುಸುಕು ಅಭಯದಾನವೇ ಸರಿ. ಇದೇ ಮರೆಯಲ್ಲಿ ‘ಸಿಲ್ಕ್ ರೋಡ್’ ಎಂಬ ಮಾದಕವಸ್ತುಗಳ ಸಂತೆಯೂ ನಡೆಯಿತು. 2013ರಲ್ಲಿ ಅಮೆರಿಕದ ಎಫ್‌ಬಿಐ ಅದನ್ನು ಮುಚ್ಚಿತು. ದುರ್ಜನರಿಗಷ್ಟೇ ಹರಿಯುವ ಮುಸುಕನ್ನು ನೇಯಲು ಬಾರದು. ಪೊಲೀಸರಿಗೆಂದು ತೆರೆದಿಟ್ಟ ಹಿಂಬಾಗಿಲಿನಿಂದ ಕಳ್ಳನೂ ನುಗ್ಗಬಲ್ಲ. ಇಂಥಲ್ಲಿ ‘ಅನೇಕಾಂತ’ ಎಂದು ಹೇಳಿ ನುಣುಚಿಕೊಳ್ಳುವುದು ಸುಲಭ; ನನಗೆ ಅದು ಒಪ್ಪಿಗೆಯಿಲ್ಲ. ಅಪಾಯವನ್ನು ಅರಿತೂ ಮುಸುಕು ಉಳಿಯಬೇಕೆಂಬುದೇ ನನ್ನ ಅಭಿಮತ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದು ನಿರಂಕುಶ ಹಕ್ಕಲ್ಲವೆಂದೂ ಹೇಳಿತು.

ಹಾಗಾದರೆ ಲಂಚದ ದಾಖಲೆಯನ್ನು ಹೆಸರು ಮರೆಸಿ ಪತ್ರಿಕೆಗೆ ತಲುಪಿಸುವವನು ಅತಿಚಾರಕ್ಕೆ ಒಳಗಾದನೇ? ಪೂಜ್ಯಪಾದರು ‘ಅಸೂಯೆ ಮೊದಲಾದ’ ನಿಮಿತ್ತವನ್ನು ಸೇರಿಸಿರುವುದನ್ನು ಮರೆಯಬಾರದು. ಲೋಕಹಿತಕ್ಕಾಗಿ ಅನ್ಯಾಯವನ್ನು ಬಯಲಿಗೆಳೆದವನನ್ನು ಆ ಸಾಲಿಗೆ ಸೇರಿಸಲಾಗದು. ಹುಸಿಹೆಸರಿನ ಖಾತೆಯಿಂದ ನೆರೆಮನೆಯವರ ಮೇಲೆ ಕೆಸರೆರಚುವವನ ಮಾತು ಬೇರೆ. ಅವನ ವಿಳಾಸ ಪೊಲೀಸರಿಗೆ ಸಿಗದಿರಬಹುದು. ಕರ್ಮಾಸ್ರವಕ್ಕೆ ವಿಳಾಸ ಬೇಕಿಲ್ಲ.

ಇನ್ನೊಂದು ಮಾತು. ಈ ಗೂಢಲಿಪಿಗಳೆಲ್ಲ ಕಾಯುವುದು ದಾರಿಯನ್ನು ಮಾತ್ರ. ಸಿಗ್ನಲ್ ಆ್ಯಪ್‌ನಲ್ಲಿ ಸಂದೇಶ ತಾನಾಗಿ ಅಳಿಯುವ ಏರ್ಪಾಡಿದೆ. ಅಳಿಯುವ ಮುನ್ನ ಪಡೆದವರು ಇನ್ನೊಂದು ಫೋನಿನಿಂದ ಅದರ ಚಿತ್ರ ತೆಗೆದುಕೊಂಡರೆ ಅದನ್ನು ತಡೆಯುವ ತಂತ್ರಾಂಶ ಯಾವುದೂ ಇಲ್ಲ.