ಒಂದು ಮಣ್ಣಿನ ಇಟ್ಟಿಗೆಯ ಜಮಾ-ಖರ್ಚು

ಇಟ್ಟಿಗೆ-ಸಿಮೆಂಟಿಗೂ ಕಾಮರ್ಸ್ ಓದುವ ಹುಡುಗನಿಗೂ ಏನು ಸಂಬಂಧ ಎಂದು ಬಳಗದ ಮಿತ್ರರು ಕೇಳಬಹುದು. ಸಂಬಂಧ ಇದೆ. ಪುಣೆಯಲ್ಲಿ ಓದುತ್ತಿರುವ ನಮ್ಮಂಥವರ ಮನೆಗಳಲ್ಲಿ ಎರಡು ಮಾತು ಯಾವಾಗಲೂ ನಡೆದೇ ಇರುತ್ತವೆ: ಒಂದು ಯಾರದೋ ಮದುವೆ, ಇನ್ನೊಂದು ಊರಲ್ಲಿ ಕಟ್ಟಿಸಬೇಕಾದ ಮನೆ. ಒಂದು ಕುಟುಂಬ ಜೀವಮಾನದಲ್ಲಿ ಮಾಡುವ ದೊಡ್ಡ ಖರ್ಚೆಂದರೆ ಮನೆಯೇ. ಇಷ್ಟಾದರೂ ಅದರ ಲೆಕ್ಕವನ್ನು ನಾವು ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಡುತ್ತೇವೆ: "ಚದರಡಿಗೆ ಎಷ್ಟು ಬಿತ್ತು?" ಆ ರೂಪಾಯಿ ಯಾರ ಕೈ ಸೇರಿತು, ಅದಕ್ಕಾಗಿ ಎಷ್ಟು ಉರುವಲು ಸುಟ್ಟಿತು ಎಂದು ಯಾರೂ ಕೇಳೋದಿಲ್ಲ.

ಹಾಗೆ ಕೇಳಿದವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ ಈ ಹೆಸರು ಬರುತ್ತದೆ. ಇದರ ಮುಂದಾಳು ಅಮೂಲ್ಯ ರೆಡ್ಡಿಯವರು ರಸಾಯನಶಾಸ್ತ್ರದ ಪ್ರಾಧ್ಯಾಪಕರು. ದೇಶದ ದೊಡ್ಡ ಪ್ರಯೋಗಶಾಲೆಗಳ ವಿದ್ಯೆ ಹಳ್ಳಿಯ ಬಡವನ ಮನೆಬಾಗಿಲಿಗೆ ಯಾಕೆ ಬರಲಿಲ್ಲ ಎನ್ನುವುದೇ ಅವರ ಪ್ರಶ್ನೆಯಾಗಿತ್ತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಕೇಂದ್ರದ ಒಂದು ಶಾಖೆಯನ್ನೂ ತೆರೆದರು. ಹೊಗೆ ಕಡಿಮೆ ಮಾಡುವ 'ಅಸ್ತ್ರ ಒಲೆ'ಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದೂ ಇವರದೇ. ಮನೆ ಕಟ್ಟುವ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದವರು ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕ ಕೆ. ಎಸ್. ಜಗದೀಶ್ ಮತ್ತು ಬಿ. ವಿ. ವೆಂಕಟರಾಮ ರೆಡ್ಡಿಯವರು. ಮಣ್ಣನ್ನು ಸುಡದೆ ಗಟ್ಟಿ ಇಟ್ಟಿಗೆ ಮಾಡಬಹುದೇ ಎಂದು ಅವರು ಹುಡುಕಿದರು.

ಮಾಡುವ ವಿಧಾನ ಸರಳ. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ 6ರಿಂದ 8ರಷ್ಟು ಸಿಮೆಂಟ್ ಬೆರೆಸಬೇಕು. ಕೈಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ ನೀರು ಚಿಮುಕಿಸಬೇಕು. ಆಮೇಲೆ ಕಬ್ಬಿಣದ ಅಚ್ಚಿನಲ್ಲಿ ತುಂಬಿ, ಉದ್ದ ಹಿಡಿಕೆಯನ್ನು ಜಗ್ಗಿ ಒತ್ತಬೇಕು. ಇಂಥ ಯಂತ್ರ ಮೊದಲು ತಯಾರಾದದ್ದು 1950ರ ದಶಕದಲ್ಲಿ, ದಕ್ಷಿಣ ಅಮೇರಿಕದ ಕೊಲಂಬಿಯಾದಲ್ಲಿ. ಅಸ್ತ್ರದವರು ನಮ್ಮ ಕೆಲಸಕ್ಕೆ ಹೊಂದುವಂತೆ ರೂಪಿಸಿದ ಯಂತ್ರಕ್ಕೆ 'ಮರ್ದಿನಿ' ಎಂದು ಹೆಸರು. ಅದಕ್ಕೆ ಕರೆಂಟ್ ಬೇಕಿಲ್ಲ, ಆಳುಗಳ ತೋಳ್ಬಲ ಸಾಕು. ಒತ್ತಿದ ಇಟ್ಟಿಗೆಗಳನ್ನು ಜೋಡಿಸಿ, ಹುಲ್ಲು ಮುಚ್ಚಿ, ಮೂರು-ನಾಲ್ಕು ವಾರ ನೀರುಣಿಸಿದರೆ ಸಿಮೆಂಟ್ ಬಿಗಿಯುತ್ತದೆ. ಇದರಲ್ಲಿ ಅವಸರ ಮಾಡಿದರೆ ಇಟ್ಟಿಗೆ ಕೆಟ್ಟಿತೆಂದೇ ಲೆಕ್ಕ.

ಎಲ್ಲ ಮಣ್ಣೂ ಇದಕ್ಕೆ ಆಗೋದಿಲ್ಲ. ನಮ್ಮ ವಿಜಯಪುರದ ಕಡೆಯ ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬ್ಯಾಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಅದರ ಇಟ್ಟಿಗೆಯೂ ಹಾಗೆಯೇ ಆದೀತು. ಮಸಾರಿ ಮಣ್ಣು ಒಳ್ಳೆಯದು. ಮೂರರಲ್ಲಿ ಎರಡು ಪಾಲು ಮರಳಿದ್ದು, ಉಳಿದದ್ದರಲ್ಲಿ ಸ್ವಲ್ಪವೇ ಜೇಡಿ ಇದ್ದರೆ ಬಹಳ ಉತ್ತಮ. ಜೇಡಿ ಹೆಚ್ಚಾದರೆ ಮರಳು ಸೇರಿಸಬೇಕು, ಸುಣ್ಣವನ್ನೂ ಬಳಸಬೇಕು. ಪರೀಕ್ಷೆಗೆ ದೊಡ್ಡ ಸಾಧನ ಬೇಡ. ಒಂದು ಗಾಜಿನ ಬಾಟಲಿಯಲ್ಲಿ ಮಣ್ಣು-ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಮೊದಲು ತಳ ಸೇರುತ್ತದೆ, ಜೇಡಿ ಕಡೆಗೆ ನಿಧಾನವಾಗಿ ಕೂಡುತ್ತದೆ. ಪದರಗಳನ್ನು ನೋಡಿದರೆ ಯಾವುದು ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ.

ಇನ್ನು ಜಮಾ-ಖರ್ಚಿಗೆ ಬರೋಣ. ಜಗದೀಶ್ ಮತ್ತು ವೆಂಕಟರಾಮ ರೆಡ್ಡಿಯವರು 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರೂಪಾಯಿಯನ್ನು ಬದಿಗಿಟ್ಟು ಶಕ್ತಿಯ ಲೆಕ್ಕ ಹಾಕಿದ್ದಾರೆ. ಸುಟ್ಟ ಇಟ್ಟಿಗೆ ಒಂದಕ್ಕೆ ತಗಲುವ ಶಕ್ತಿ 4.25 ಮೆಗಾಜೂಲ್. ಅಂದರೆ ಸುಮಾರು ಕಾಲು ಕಿಲೋ ಒಣ ಕಟ್ಟಿಗೆಯ ಉರಿ ಎಂದಿಟ್ಟುಕೊಳ್ಳಿ. ನೂರಕ್ಕೆ 6 ಸಿಮೆಂಟಿನ ಮಣ್ಣಿನ ಇಟ್ಟಿಗೆಗೆ ತಗಲುವುದು 2.60. ಗಾತ್ರದಲ್ಲಿ ಈ ಒಂದು ಇಟ್ಟಿಗೆ ಸುಟ್ಟ ಇಟ್ಟಿಗೆ ಎರಡೂವರೆಗೂ ಸ್ವಲ್ಪ ಹೆಚ್ಚೇ ಆಗುತ್ತದೆ. ಅದೇ ಲೆಕ್ಕವನ್ನು ಬೆಳೆಸೋಣ: 10,000 ಸುಟ್ಟ ಇಟ್ಟಿಗೆಗೆ 42,500 ಮೆಗಾಜೂಲ್. ಅಷ್ಟೇ ಗೋಡೆಗೆ ಮಣ್ಣಿನ ಇಟ್ಟಿಗೆಯಾದರೆ 10,000ದ ಆಸುಪಾಸು. ನಾಲ್ಕರಲ್ಲಿ ಮೂರು ಪಾಲು ಉರುವಲು ಉಳಿಯಿತು! ಹಣದ ದಾರಿಯೂ ಬದಲಾಗುತ್ತದೆ. ಸಿಮೆಂಟ್-ಕಬ್ಬಿಣಕ್ಕೆ ಕೊಟ್ಟ ರೂಪಾಯಿಯ ಬಹುಪಾಲು ಲಾರಿ ಹತ್ತಿ ಊರು ಬಿಡುತ್ತದೆ. ಇಟ್ಟಿಗೆ ಒತ್ತುವ ಆಳಿಗೆ ಕೊಟ್ಟ ರೂಪಾಯಿ ಸಂಜೆಗೆ ಅದೇ ಊರಿನ ಕಿರಾಣಿ ಅಂಗಡಿಗೆ ಬರುತ್ತದೆ.

ಗೋಡೆಯ ಒಳಗಿನ ಅಂದಕ್ಕೂ ಇದೇ ಬುದ್ಧಿ ಸಲ್ಲುತ್ತದೆ. ಒತ್ತಿದ ಇಟ್ಟಿಗೆಯ ಮೈ ನುಣುಪಾಗಿರುವುದರಿಂದ ಪ್ಲಾಸ್ಟರ್, ಬಣ್ಣ ಇಲ್ಲದೆಯೂ ಗೋಡೆ ಚೆಂದ ಕಾಣುತ್ತದೆ. ಗೋಡೆಯಲ್ಲೇ ಮಾಡ ಬಿಟ್ಟರೆ ಕಪಾಟು ಬೇಡ, ಕಿಟಕಿಯ ಕೆಳಗೆ ಕಟ್ಟೆ ಕಟ್ಟಿದರೆ ಕುರ್ಚಿ ಬೇಡ. ನಮ್ಮ ಹಿರಿಯರ ಮನೆಗಳಲ್ಲಿ ಇದ್ದದ್ದೇ ಇದು. ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಚಾವಣಿಯಲ್ಲೂ ಉಳಿತಾಯ ತೋರಿಸಿದರು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು. ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವೆ ಹಳೆಯ ಹೆಂಚು ತುಂಬಿದರೆ ಕಾಂಕ್ರೀಟ್ ಉಳಿಯುತ್ತದೆ, ಮನೆಯೂ ತಂಪಾಗಿರುತ್ತದೆ.

ಇಷ್ಟೆಲ್ಲ ಇದ್ದರೂ ಊರೂರಲ್ಲಿ ಇಂಥ ಮನೆಗಳು ಏಕೆ ಏಳಲಿಲ್ಲ? ಊರಲ್ಲಿ ನಮ್ಮ ಕಾಕಾ ಮನೆ ಕಟ್ಟಿಸುವ ವಿಚಾರದಲ್ಲಿದ್ದಾರೆ. ನಾನು ಫೋನಿನಲ್ಲಿ ಈ ಲೆಕ್ಕ ಹೇಳಿದೆ. ಕಾಕಾ ಸಮಾಧಾನದಿಂದ ಎಲ್ಲ ಕೇಳಿ, "ಲೆಕ್ಕ ಖರೆ ಅದ ತಮ್ಮಾ. ಆದರ ಮಣ್ಣಿನ ಮನಿಗೆ ನಿಮ್ಮಣ್ಣಗ ಹೆಣ್ಣು ಯಾರು ಕೊಡ್ತಾರ?" ಅಂದರು. ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರ ಇದೆ? ಮಣ್ಣು ಬಡತನದ ಗುರುತಾಗಿಬಿಟ್ಟಿದೆ. ಕಾಕಾ ಹೆದರುವುದು ಗೋಡೆ ಬಿದ್ದೀತೆಂದಲ್ಲ, ಮಾನ ಹೋದೀತೆಂದು. ಆ ಹೆದರಿಕೆಯನ್ನು ನಗುವ ಹಕ್ಕು ಪುಣೆಯ ಬಾಡಿಗೆ ಮನೆಯಲ್ಲಿ ಕೂತ ನನಗಿಲ್ಲ.

ಇನ್ನೊಂದು ಕಾರಣ ಕಾಮರ್ಸ್ ಓದುವವರಿಗೆ ಬೇಗ ತಿಳಿಯುತ್ತದೆ. ಕಟ್ಟುವವರ ಸಂಭಾವನೆ ಎಷ್ಟೋ ಕಡೆ ಒಟ್ಟು ಖರ್ಚಿನ ಶೇಕಡಾವಾರು ಇರುತ್ತದೆ. ಖರ್ಚು ಇಳಿಸಿದವನ ಸಂಪಾದನೆಯೂ ಇಳಿಯುತ್ತದೆ. ಸಿಮೆಂಟಿಗೆ ಜಾಹೀರಾತು ಉಂಟು, ಹೊಲದ ಮಣ್ಣಿಗೆ ಜಾಹೀರಾತು ಕೊಡುವವರು ಯಾರು? ಮಾರುವವನಿಲ್ಲದ ಸರಕು ಎಷ್ಟು ಒಳ್ಳೆಯದಿದ್ದರೂ ಬಜಾರಿಗೆ ಬರೋದಿಲ್ಲ. ವಿಶ್ವವಿದ್ಯಾಲಯಗಳ ಸಂಶೋಧನೆ ಬೇಕಾಗುವುದು ಇಲ್ಲಿಯೇ. ಲಾಭವಿಲ್ಲವೆಂದು ಬಜಾರು ಕೈಬಿಟ್ಟ ಪ್ರಶ್ನೆಯನ್ನು ಎತ್ತಿಕೊಳ್ಳಲು ಪಗಾರ ಪಡೆದು ಯೋಚಿಸುವ ಜನ ಬೇಕು. ಅಸ್ತ್ರ ಇಂದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ಅದೇ ಸಂಸ್ಥೆಯಲ್ಲಿದೆ.

ಆದರೆ ಪ್ರಯೋಗಶಾಲೆ ಅರ್ಧ ದಾರಿಯನ್ನಷ್ಟೇ ಬರಬಲ್ಲದು. ಉಳಿದರ್ಧ ಕಲಿತ ಗೌಂಡಿಗಳು, ಸಾಲ ಕೊಡುವ ಬ್ಯಾಂಕಿನವರು, ಮತ್ತು ನಾವು. ಊರಿನ ಮಾನವಂತರೊಬ್ಬರು ಮೊದಲು ಇಂಥ ಮನೆ ಕಟ್ಟಿಸಿದರೆ ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಓದಿ ನೌಕರಿ ಹಿಡಿದು ಊರಲ್ಲಿ ಮನೆ ಕಟ್ಟಿಸುವ ನಾವೇ ಆ ಮೊದಲಿಗರು ಏಕಾಗಬಾರದು? ಈ ರಜೆಗೆ ಊರಿಗೆ ಹೋಗುವವರು ಒಂದು ಖಾಲಿ ಬಾಟಲಿ ತೆಗೆದುಕೊಂಡು ಹೋಗಿ, ನಿಮ್ಮ ಹಿತ್ತಲಿನ ಮಣ್ಣನ್ನು ಪರೀಕ್ಷಿಸಿ ಬನ್ನಿ. ಮುಂದಿನ ಸಭೆಯಲ್ಲಿ ಯಾರ ಮಣ್ಣು ಎಂಥದು ಎಂದು ಕೂತು ನೋಡೋಣ.