ಜಕ್ಕೂರಿನ ಗಾಳಿಗೆ ತಕ್ಕ ಹಳೆಯ ವಿಮಾನ

ರೆಕ್ಕೆಯ ಕೆಳಗೆ ಎರಡು ದೊಡ್ಡ ಚಕ್ರ, ಬಾಲದ ತುದಿಯಲ್ಲಿ ಒಂದು ಪುಟ್ಟ ಚಕ್ರ, ಒಳಗೆ ಒಂದರ ಹಿಂದೆ ಒಂದಾಗಿ ಎರಡು ಆಸನ. ಹಾರಾಟದವರು ಟ್ಯಾಂಡೆಮ್ ಟೈಲ್‌ಡ್ರ್ಯಾಗರ್ ಎನ್ನುವ ಲಘು ವಿಮಾನದ ರೂಪ ಇದು. ಬೆಂಗಳೂರಿಗೆ ಇದು ಹೊಸದಲ್ಲ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಎಎಲ್ ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿದ್ದು ಇದೇ ರೂಪದಲ್ಲಿ. 1958ರಲ್ಲಿ ಬಂದ ಪುಷ್ಪಕ್‌ಗೂ ಬಾಲದಲ್ಲೇ ಚಕ್ರ, ಆದರೆ ಅದರಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹಲವರು ಹಾರಲು ಕಲಿತದ್ದು ಪುಷ್ಪಕ್‌ನಲ್ಲೇ.

ಇವೆರಡರಲ್ಲಿ ಹಾರುವ ಸ್ಥಿತಿಯಲ್ಲಿರುವುದು ಇಂದು ಸಿಗುವುದು ಅಪರೂಪ. ಹವ್ಯಾಸಕ್ಕಾಗಿ ಕಡಿಮೆ ಬೆಲೆಯ ಹಳೆಯ ಟ್ಯಾಂಡೆಮ್ ಹುಡುಕುವವರ ಕಣ್ಣು ಹೀಗಾಗಿ ಅಮೆರಿಕದ ನಾಲ್ಕು ಹೆಸರುಗಳ ಮೇಲೆ ಬೀಳುತ್ತದೆ: ಪೈಪರ್ ಜೆ-3 ಕಬ್, ಏರೋಂಕಾ ಚಾಂಪ್, ಪೈಪರ್ ಸೂಪರ್ ಕಬ್, ಸಿಟಾಬ್ರಿಯಾ. ಮೊದಲೆರಡು ಸಾಮಾನ್ಯವಾಗಿ 65 ಅಶ್ವಶಕ್ತಿಯವು, ಅಗ್ಗದವು. ಕೊನೆಯೆರಡರಲ್ಲಿ 150 ಅಶ್ವಶಕ್ತಿಯ ಮಾದರಿಗಳೂ ಉಂಟು, ಬೆಲೆಯೂ ಅದಕ್ಕೆ ತಕ್ಕಂತೆ. ಇವುಗಳಲ್ಲಿ ಯಾವುದು ಸರಿ ಎಂಬುದನ್ನು ಉತ್ತರ ಬೆಂಗಳೂರಿನ ಮಟ್ಟಿಗೆ ಬೆಲೆಪಟ್ಟಿಗಿಂತ ಮೊದಲು ತೀರ್ಮಾನಿಸುವುದು ಇಲ್ಲಿನ ಗಾಳಿ.

ಜಕ್ಕೂರು ವಿಮಾನಕ್ಷೇತ್ರ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರದಲ್ಲಿ ಪ್ರಮಾಣಿತ ವಾತಾವರಣದ ಉಷ್ಣಾಂಶ 9 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನದ ಉಷ್ಣಾಂಶ 33 ಡಿಗ್ರಿ ಎಂದಿಟ್ಟುಕೊಂಡರೆ ಗಾಳಿ ಹಿಗ್ಗಿ ಇನ್ನಷ್ಟು ತೆಳುವಾಗುತ್ತದೆ. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿಯ ತೂಕ 1.225 ಕಿಲೋಗ್ರಾಂ ಇದ್ದರೆ, ಆ ಮಧ್ಯಾಹ್ನ ಜಕ್ಕೂರಿನಲ್ಲಿ ಅದು ಸುಮಾರು 1.03 ಕಿಲೋಗ್ರಾಂ. ರೆಕ್ಕೆ, ಪ್ರೊಪೆಲರ್, ಎಂಜಿನ್ ಮೂರರ ಪಾಲಿಗೂ ವಿಮಾನ ನಿಂತಿರುವುದು 3,000 ಅಡಿಯಲ್ಲಲ್ಲ, ಸುಮಾರು 5,700 ಅಡಿಯಲ್ಲಿ. ಈ ಲೆಕ್ಕದ ಎತ್ತರಕ್ಕೆ ಸಾಂದ್ರತಾ ಎತ್ತರ ಎಂದು ಹೆಸರು.

ಟರ್ಬೊ ಇಲ್ಲದ ಎಂಜಿನ್ ತಾನು ಎಳೆದುಕೊಂಡ ಗಾಳಿಗೆ ತಕ್ಕಷ್ಟೇ ಇಂಧನ ಸುಡಬಲ್ಲದು. 5,700 ಅಡಿಯ ಗಾಳಿಯಲ್ಲಿ ಅದರ ಶಕ್ತಿ ಸುಮಾರು ಶೇ. 18ರಷ್ಟು ಕುಗ್ಗುತ್ತದೆ. ಹೊಸದರಲ್ಲಿ 65 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನಿನಲ್ಲಿ ಉಳಿಯುವುದು 53ರ ಆಸುಪಾಸು. ಜೆ-3 ಕಬ್‌ನ ಖಾಲಿ ತೂಕ ಸುಮಾರು 347 ಕಿಲೋ, ಗರಿಷ್ಠ ತೂಕ 553 ಕಿಲೋ. ನಡುವಿನ 206 ಕಿಲೋದಲ್ಲಿ ತುಂಬಿದ ಟ್ಯಾಂಕಿನ 45 ಲೀಟರ್ ಇಂಧನಕ್ಕೆ 33 ಕಿಲೋ ಹೋದರೆ ಇಬ್ಬರಿಗೆ ಉಳಿಯುವುದು 173. ಇಬ್ಬರು ದೊಡ್ಡ ಮೈಕಟ್ಟಿನವರು ಹತ್ತಿದರೆ ಚೀಲ ಇಡಲೂ ತೂಕ ಉಳಿಯುವುದಿಲ್ಲ. ಈ ತೂಕದಲ್ಲಿ ಸಮುದ್ರಮಟ್ಟದ ಕಬ್ ನಿಮಿಷಕ್ಕೆ ಸುಮಾರು 450 ಅಡಿ ಏರುತ್ತದೆ. ಜಕ್ಕೂರಿನ ಬೇಸಿಗೆ ಮಧ್ಯಾಹ್ನ ಅದು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಒಂದು ಕಿಲೋಮೀಟರ್ ಮುಂದೆ ಸಾಗುವಷ್ಟರಲ್ಲಿ ಗಳಿಸುವ ಎತ್ತರ 40 ಮೀಟರ್‌ನಷ್ಟು. 20 ಅಂತಸ್ತಿನ ಅಪಾರ್ಟ್‌ಮೆಂಟ್ 60 ಮೀಟರ್ ದಾಟುತ್ತದೆ. ಹೆಬ್ಬಾಳದಿಂದ ಯಲಹಂಕದವರೆಗೆ ಅಂಥ ಕಟ್ಟಡಗಳು ಎಷ್ಟು ಎದ್ದಿವೆ ಎಂಬುದು ಈ ಕಡೆ ಓಡಾಡುವವರಿಗೆಲ್ಲ ಗೊತ್ತು. ಬೆಳಗಿನ ತಂಪಿನಲ್ಲಿ ಒಬ್ಬರೇ ಹಾರುವುದಾದರೆ 65 ಅಶ್ವಶಕ್ತಿ ಸಾಕು. ಇಬ್ಬರು ಹಾರುವ ಆಸೆ ಇದ್ದರೆ 90ಕ್ಕಿಂತ ಕಡಿಮೆಯದನ್ನು ಇಲ್ಲಿ ಪರಿಗಣಿಸದಿರುವುದೇ ಲೇಸು. ಪುಷ್ಪಕ್‌ಗೆ ಎಚ್‌ಎಎಲ್ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಕೂರಿಸಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಪ್ರೊಪೆಲರ್ ಕೂಡ ವೇಗಕ್ಕಲ್ಲ, ಏರಿಕೆಗೆ ಹೊಂದುವ ಕಡಿಮೆ ತಿರುಚಿನದಾಗಿರಬೇಕು.

ತೆಳು ಗಾಳಿಯ ಪ್ರಭಾವ ಇಳಿಯುವಾಗಲೂ ಬಿಡುವುದಿಲ್ಲ. ವೇಗಮಾಪಕ ಎಂದಿನ ಅಂಕಿಯನ್ನೇ ತೋರಿಸುತ್ತಿದ್ದರೂ ನೆಲದ ಮೇಲಿನ ನಿಜವೇಗ ಸುಮಾರು ಶೇ. 9 ಹೆಚ್ಚಿರುತ್ತದೆ. ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ ಅದು ಸುಮಾರು ಶೇ. 19 ಹೆಚ್ಚು. ಬಾಲಚಕ್ರದ ವಿಮಾನದಲ್ಲಿ ಈ ಹೆಚ್ಚಳ ಮುಖ್ಯವಾಗುತ್ತದೆ, ಏಕೆಂದರೆ ಅದರ ಗುರುತ್ವಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದೆ ಇದೆ. ಮೂತಿ ತುಸು ಓರೆಯಾದರೆ ಚಕ್ರಗಳ ಘರ್ಷಣೆ ಮುಂದೆ ತಡೆಯುತ್ತದೆ, ಹಿಂದಿನ ತೂಕ ನೇರ ನುಗ್ಗಲು ನೋಡುತ್ತದೆ, ಓರೆ ಇನ್ನಷ್ಟು ಹೆಚ್ಚುತ್ತದೆ. ಹಿಂದಕ್ಕೆ ತಳ್ಳಿದ ಎತ್ತಿನಗಾಡಿ ಪಕ್ಕಕ್ಕೆ ತಿರುಗಿಕೊಳ್ಳುವ ಹಾಗೆ ಇಲ್ಲಿ ವಿಮಾನ ತಿರುಗಿಕೊಳ್ಳುತ್ತದೆ. ತಕ್ಷಣ ರಡ್ಡರ್ ಒತ್ತಿ ತಡೆಯದಿದ್ದರೆ ಅದು ಗಿರಕಿ ಹೊಡೆದು ರೆಕ್ಕೆಯ ತುದಿಯನ್ನು ನೆಲಕ್ಕೆ ತಾಗಿಸುತ್ತದೆ. ಇದೇ ಗ್ರೌಂಡ್ ಲೂಪ್. ಮೂತಿಯಲ್ಲಿ ಚಕ್ರವಿರುವ ವಿಮಾನದಲ್ಲಿ ಗುರುತ್ವಕೇಂದ್ರ ಮುಖ್ಯ ಚಕ್ರಗಳ ಮುಂದಿದ್ದು, ಓರೆ ತಾನಾಗಿಯೇ ಸರಿಯಾಗುತ್ತದೆ.

ಜಕ್ಕೂರಿನ ರನ್‌ವೇ ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿದ್ದು ಮುಂಗಾರಿನ ಪಡುವಣ ಗಾಳಿಗೂ ಚಳಿಗಾಲದ ಮೂಡಣ ಗಾಳಿಗೂ ಹೊಂದುತ್ತದೆ. ಬೇಸಿಗೆಯ ಮಧ್ಯಾಹ್ನ ಬಿಸಿನೆಲದಿಂದ ಏಳುವ ಅಡ್ಡಗಾಳಿ ಮಾತ್ರ ದಿಕ್ಕು ಹೇಳಿ ಬರುವುದಿಲ್ಲ. ಹೀಗಾಗಿ ಹಳೆಯ ವಿಮಾನದ ಲಾಗ್‌ಬುಕ್‌ನಲ್ಲಿ ಗ್ರೌಂಡ್ ಲೂಪ್‌ನ ದುರಸ್ತಿ ಕಂಡರೆ ಅಚ್ಚರಿಯೇನಿಲ್ಲ. ನೋಡಬೇಕಾದದ್ದು ಆ ದುರಸ್ತಿ ಎಷ್ಟು ಆಳಕ್ಕೆ ಹೋಗಿತ್ತು ಎಂಬುದನ್ನು. ರೆಕ್ಕೆ ತುದಿಯ ಬಟ್ಟೆಗಷ್ಟೇ ತೇಪೆ ಹಾಕಿ ಒಳಗಿನ ಸ್ಪಾರ್ ನೋಡದೆ ಬಿಟ್ಟಿರುವ ವಿಮಾನ ಅಪಾಯಕಾರಿ.

ಸ್ಪಾರ್ ಎಂದರೆ ರೆಕ್ಕೆಯ ಉದ್ದಕ್ಕೂ ಹಾಯುವ ತೊಲೆ. ಚಾಂಪ್‌ನಲ್ಲೂ ಹಳೆಯ ಸಿಟಾಬ್ರಿಯಾಗಳಲ್ಲೂ ಅದು ಮರದ್ದು. ರೆಕ್ಕೆ ತುದಿ ನೆಲಕ್ಕೆ ಬಡಿದಾಗ ಮರದ ನಾರುಗಳು ಅಡ್ಡಲಾಗಿ ಮಡಿಯುತ್ತವೆ. ಕೂದಲೆಳೆಯಂಥ ಈ ಬಿರುಕು ಬಟ್ಟೆಯ ಒಳಗೆ ಮರೆಯಾಗಿ ವರ್ಷಗಟ್ಟಲೆ ಉಳಿಯಬಹುದು. ಇದೇ ಕಾರಣಕ್ಕೆ ಅಮೆರಿಕದ ವಿಮಾನಯಾನ ಪ್ರಾಧಿಕಾರ ಈ ಕುಟುಂಬದ ಮರದ ಸ್ಪಾರ್‌ಗಳ ತಪಾಸಣೆಯನ್ನು ಕಡ್ಡಾಯ ಮಾಡಿದೆ. ಪೈಪರ್‌ಗಳಲ್ಲಿ ತೊಂದರೆ ಇರುವುದು ರೆಕ್ಕೆಗೆ ಆಧಾರ ಕೊಡುವ ಉಕ್ಕಿನ ಸ್ಟ್ರಟ್‌ಗಳಲ್ಲಿ. ಕೊಳವೆಯೊಳಗೆ ಇಳಿದ ನೀರು ಕೆಳತುದಿಯಲ್ಲಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಮುಚ್ಚಿದ ಹೊಸ ಬಗೆಯ ಸ್ಟ್ರಟ್ ಹಾಕಿಸಿದ ವಿಮಾನಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೊದಿಸಿದ ಪಾಲಿಯೆಸ್ಟರ್ ಬಟ್ಟೆಯ ಶತ್ರು ಬಿಸಿಲು. ಅದನ್ನು ತಡೆಯುವುದು ಬಣ್ಣದ ಕೆಳಗಿನ ಬೆಳ್ಳಿಬಣ್ಣದ ಲೇಪ. ಬಟ್ಟೆ ಪೂರ್ತಿ ಹೊಸದಾಗಿ ಹೊದಿಸುವ ಖರ್ಚು ಅಗ್ಗದ ವಿಮಾನದ ಬೆಲೆಯನ್ನೇ ಮುಟ್ಟಬಲ್ಲದು.

ಎಂಜಿನ್ನಿನ ವಿಷಯದಲ್ಲಿ ಕೊನೆಯ ಓವರ್‌ಹಾಲ್ ನಂತರದ ಗಂಟೆಗಳನ್ನಷ್ಟೇ ಕೇಳುವುದು ವಾಡಿಕೆ. ಆದರೆ ಹತ್ತು ವರ್ಷದಲ್ಲಿ ನೂರು ಗಂಟೆ ಓಡಿದ ಎಂಜಿನ್ನಿಗಿಂತ ತಿಂಗಳುತಿಂಗಳೂ ಹಾರಿದ್ದು ಎಷ್ಟೋ ಮೇಲು. ನಿಂತ ಎಂಜಿನ್ನಿನ ಕ್ಯಾಮ್‌ಶಾಫ್ಟ್‌ನ ಎಣ್ಣೆ ಜಾರಿಹೋಗಿ ತುಕ್ಕು ಏರುತ್ತದೆ. ಕಂಪ್ರೆಷನ್ ಪರೀಕ್ಷೆಯ ಜೊತೆಗೆ ಎಣ್ಣೆಯ ಫಿಲ್ಟರ್ ಬಿಚ್ಚಿ ಲೋಹದ ಚೂರು ಇದೆಯೇ ಎಂದು ನೋಡಿಸಬೇಕು. ಹಳೆಯ 65 ಅಶ್ವಶಕ್ತಿಯ ಎಂಜಿನ್‌ಗಳು ಕಡಿಮೆ ಆಕ್ಟೇನ್ ಇಂಧನಕ್ಕೆ ರಚಿತವಾದವು, ಹಾಗಾಗಿ ಬಂಕ್‌ನ ಪೆಟ್ರೋಲ್ ಸಾಕೆನ್ನಿಸಬಹುದು. ಆದರೆ ಇಲ್ಲಿನ ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಹಳೆಯ ಕಾರ್ಬುರೇಟರ್‌ನ ರಬ್ಬರನ್ನೂ ಸೀಲ್‌ಗಳನ್ನೂ ಕೆಡಿಸುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಏವ್‌ಗ್ಯಾಸ್ ಒಂದೇ ದಾರಿ. 2022ರಿಂದ ಇಂಡಿಯನ್ ಆಯಿಲ್ ಅದನ್ನು ದೇಶದಲ್ಲೇ ತಯಾರಿಸುತ್ತಿದೆ.

ಇಲ್ಲಿನ ಆಕಾಶಕ್ಕೂ ತನ್ನದೇ ಷರತ್ತಿದೆ. ಜಕ್ಕೂರಿನ ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ, ತುಸು ಉತ್ತರಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ. ನಿಯಂತ್ರಣ ಗೋಪುರದೊಡನೆ ಮಾತನಾಡದೆ ಇಲ್ಲಿ ಹಾರುವಂತಿಲ್ಲ. ಮೂಲ ರೂಪದ ಜೆ-3ರಲ್ಲಾಗಲಿ ಚಾಂಪ್‌ನಲ್ಲಾಗಲಿ ಬ್ಯಾಟರಿ, ಜನರೇಟರ್ ಯಾವುದೂ ಇಲ್ಲ, ಪ್ರೊಪೆಲರನ್ನು ಕೈಯಿಂದ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕು. ಅಂಥದ್ದಕ್ಕೆ ವಿದ್ಯುತ್ ವ್ಯವಸ್ಥೆ, ರೇಡಿಯೊ, ಟ್ರಾನ್ಸ್‌ಪಾಂಡರ್ ಸೇರಿಸಿದರೆ ಹಣವೂ ಹೋಗುತ್ತದೆ, ಮೊದಲೇ ಸಾಲದ ತೂಕದಲ್ಲಿ ಇನ್ನಷ್ಟು ಕಿಲೋಗಳೂ ಹೋಗುತ್ತವೆ. ಸಿಟಾಬ್ರಿಯಾದ ಗುಣ ಇಲ್ಲಿ ಎದ್ದು ಕಾಣುತ್ತದೆ: ಅದು ವಿದ್ಯುತ್ ವ್ಯವಸ್ಥೆಯೊಂದಿಗೇ ಬರುತ್ತದೆ. ಒಬ್ಬರೇ ಹಾರುವಾಗ ಮುಂದಿನ ಆಸನದಲ್ಲಿ ಕೂರಬಹುದು, ನೋಟ ಚೆನ್ನಾಗಿರುತ್ತದೆ. ಜೆ-3ರಲ್ಲಿ ಸಮತೋಲಕ್ಕಾಗಿ ಹಿಂದೆಯೇ ಕೂರಬೇಕು.

ಭಾರತದಲ್ಲಿ ಹಾರಲು ವಿಟಿ ಅಕ್ಷರಗಳ ನೋಂದಣಿ, ಡಿಜಿಸಿಎ ಕೊಡುವ ಏರ್‌ವರ್ದಿನೆಸ್ ಪ್ರಮಾಣಪತ್ರ, ವಿಮೆ ಬೇಕು. ಸಹಿ ಹಾಕುವ ಅರ್ಹ ಎಂಜಿನಿಯರ್ ಆ ಮಾದರಿಯನ್ನು ಬಲ್ಲವರೇ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು. ಹೊರದೇಶದಿಂದ ತರುವುದಾದರೆ ಖರೀದಿಗೆ ಮುನ್ನ ವಿಮಾನವನ್ನು ತಕ್ಕಡಿಗೆ ಏರಿಸಿ ನಿಜವಾದ ಖಾಲಿ ತೂಕ ಬರೆಸಿಕೊಳ್ಳುವುದು ಅಗತ್ಯ. ದಶಕಗಳ ಬಣ್ಣ, ತೇಪೆ, ಹೊಸ ಉಪಕರಣ ಸೇರಿ ಹಳೆಯ ದಾಖಲೆಗಿಂತ ಅದು ಹೆಚ್ಚಿರುವುದೇ ಸಾಮಾನ್ಯ. ಪರೀಕ್ಷಾ ಹಾರಾಟ ಸಮುದ್ರಮಟ್ಟದ ತಂಪಾದ ಬಯಲಿನಲ್ಲಿ ನಡೆದಿದ್ದರೆ, ಇಬ್ಬರು ಕೂತು ಟ್ಯಾಂಕ್ ತುಂಬಿದಾಗ ಅಲ್ಲಿ ದೊರೆತ ಏರಿಕೆಯ ದರವನ್ನು 65 ಅಶ್ವಶಕ್ತಿಯ ವಿಮಾನಕ್ಕೆ ಅರ್ಧಕ್ಕಿಳಿಸಿ ಜಕ್ಕೂರಿನ ಏಪ್ರಿಲ್‌ಗೆ ಹೋಲಿಸಬೇಕು.