ಎಂಟರ್ ಒತ್ತುವ ಮೊದಲು ಓದಿ

ಮಾಡೆಲ್ ಪ್ರಾಕ್ಟಿಕಲ್‌ನ ಹಿಂದಿನ ದಿನ ನಮ್ಮ ಲ್ಯಾಬಿನ ಒಂದು ಕಂಪ್ಯೂಟರ್ ಕೆಟ್ಟು ನಿಂತಿತ್ತಲ್ಲ, ಅದನ್ನು ಕೆಡಿಸಿದವನು ನಾನೇ. ಅದೇ ತಪ್ಪು ನಿಮ್ಮಿಂದ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಲ್ಯಾಬಿನಲ್ಲಿರುವುದು ಉಬುಂಟು. ಅದರಲ್ಲಿ ಸಾಫ್ಟ್‌ವೇರ್‌ಗಳು ಪ್ಯಾಕೇಜ್‌ಗಳಾಗಿ ರೆಪಾಸಿಟರಿ ಎಂಬ ಉಗ್ರಾಣದಿಂದ ಬರುತ್ತವೆ. ಅವನ್ನು ತಂದು ಹಾಕುವ, ಬೇಡವಾದಾಗ ತೆಗೆಯುವ ಕೆಲಸ ‘ಆಪ್ಟ್’ನದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯಿಂದ ಇದು ಉಬುಂಟುವಿಗೆ ಬಂತು. ಕೆಳಗಿನ ಕಮಾಂಡ್‌ಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಸುಡೋ ಆಪ್ಟ್ ಅಪ್‌ಡೇಟ್: ಉಗ್ರಾಣದಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಹೊಸದಾಗಿ ತರುತ್ತದೆ. ಇದರಿಂದ ಯಾವ ಸಾಫ್ಟ್‌ವೇರೂ ಬದಲಾಗುವುದಿಲ್ಲ.

ಸುಡೋ ಆಪ್ಟ್ ಇನ್‌ಸ್ಟಾಲ್ ವಿಎಲ್‌ಸಿ: ವಿಎಲ್‌ಸಿಯನ್ನೂ ಅದು ನಡೆಯಲು ಬೇಕಾದ ಇತರ ಪ್ಯಾಕೇಜ್‌ಗಳನ್ನೂ ಹಾಕುತ್ತದೆ.

ಸುಡೋ ಆಪ್ಟ್ ರಿಮೂವ್ ವಿಎಲ್‌ಸಿ: ಪ್ಯಾಕೇಜನ್ನು ತೆಗೆಯುತ್ತದೆ, ಆದರೆ ಸಿಸ್ಟಂ ಸೆಟ್ಟಿಂಗ್ ಫೈಲುಗಳನ್ನು ಉಳಿಸುತ್ತದೆ. ಅವೂ ಹೋಗಬೇಕಾದರೆ ರಿಮೂವ್ ಬದಲು ‘ಪರ್ಜ್’ ಎನ್ನಬೇಕು.

ಸುಡೋ ಆಪ್ಟ್ ಆಟೋರಿಮೂವ್: ಬೇರೊಂದರ ಜೊತೆಗೆ ಬಂದು, ಈಗ ಯಾವುದಕ್ಕೂ ಬೇಡವಾದ ಪ್ಯಾಕೇಜ್‌ಗಳನ್ನು ತೆಗೆಯುತ್ತದೆ.

ಇನ್ನು ನನ್ನ ಕಥೆ. ಹೊಸ ಪೈಥಾನ್ ಹಾಕಬೇಕಾದರೆ ಹಳೆಯದನ್ನು ತೆಗೆಯಬೇಕು ಎಂದುಕೊಂಡು ‘ಸುಡೋ ಆಪ್ಟ್ ರಿಮೂವ್ ಪೈಥಾನ್3’ ಎಂದು ಟೈಪ್ ಮಾಡಿದೆ. ಪರದೆಯ ತುಂಬ ಹೆಸರುಗಳು ಬಂದವು. ಮುಂದುವರಿಯಲೇ ಎಂದು ಕೇಳಿತು. ಓದದೆ ಎಂಟರ್ ಒತ್ತಿದೆ. ಅಲ್ಲಿ ವೈ ಅಕ್ಷರ ಒತ್ತಬೇಕೆಂದೂ ಇಲ್ಲ, ಬರೀ ಎಂಟರ್ ಒತ್ತಿದರೂ ‘ಹೌದು’ ಎಂದೇ ಅರ್ಥ!

ಉಬುಂಟುವಿನ ಎಷ್ಟೋ ಭಾಗಗಳು ಪೈಥಾನನ್ನೇ ನಂಬಿಕೊಂಡಿವೆ. ಒಂದು ಪ್ಯಾಕೇಜ್ ತೆಗೆದರೆ ಅದನ್ನು ಅವಲಂಬಿಸಿದವೂ ಹೋಗುತ್ತವೆ. ರೀಸ್ಟಾರ್ಟ್ ಮಾಡಿದಾಗ ಐಕಾನ್ ಇಲ್ಲ, ಮೆನು ಇಲ್ಲ, ಕಪ್ಪು ಪರದೆಯ ಮೇಲೆ ಲಾಗಿನ್ ಕೇಳುವ ಒಂದು ಸಾಲು ಮಾತ್ರ.

ಝುಹರ್ ನಮಾಝ್ ಮುಗಿಸಿ ಬಂದ ಸರ್ ಬಳಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಆ ಕಪ್ಪು ಪರದೆಯಲ್ಲೇ ಲಾಗಿನ್ ಆಗಿ, ಆಪ್ಟ್‌ನ ಹಿಸ್ಟರಿ ಲಾಗ್ ತೆರೆದು ಏನೇನು ಹೋಗಿದೆ ಎಂದು ತೋರಿಸಿದರು. ಪುಣ್ಯಕ್ಕೆ ಇಂಟರ್ನೆಟ್ ಇತ್ತು. ‘ಸುಡೋ ಆಪ್ಟ್ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್’ ಎಂದು ಹಾಕಿ, ಬಿಟ್ಟುಹೋದವನ್ನು ಲಾಗ್ ನೋಡಿ ಸೇರಿಸಿದೆವು. ಅಸರ್ ಹೊತ್ತಿಗೆ ಡೆಸ್ಕ್‌ಟಾಪ್ ಮರಳಿತು. ಹೋಮ್ ಫೋಲ್ಡರಿನಲ್ಲಿದ್ದ ಎಲ್ಲರ ಪ್ರೋಗ್ರಾಂಗಳೂ ಹಾಗೇ ಇದ್ದವು. ರಿಮೂವ್ ಅವನ್ನು ಮುಟ್ಟುವುದಿಲ್ಲ.

ಹಳೆಯ ಪೈಥಾನ್ ತೆಗೆಯುವ ಅಗತ್ಯವೇ ಇರಲಿಲ್ಲ. ಎರಡು ಆವೃತ್ತಿಗಳು ಒಂದೇ ಕಂಪ್ಯೂಟರಿನಲ್ಲಿ ಒಟ್ಟಿಗೆ ಇರಬಲ್ಲವು.

ಅನುಮಾನವಿದ್ದರೆ ಮೊದಲು ‘ಆಪ್ಟ್ -ಎಸ್ ರಿಮೂವ್’ ಎಂದು ಬರೆದು ಪ್ಯಾಕೇಜಿನ ಹೆಸರು ಕೊಡಿ. ಏನನ್ನೂ ತೆಗೆಯದೆ, ಏನೇನು ಹೋಗಲಿದೆ ಎಂದಷ್ಟೇ ತೋರಿಸುತ್ತದೆ. ಇದಕ್ಕೆ ಪಾಸ್‌ವರ್ಡೂ ಬೇಡ.

ಕೊನೆಗೆ ಸರ್ ಹೇಳಿದ್ದು ಒಂದೇ ಮಾತು: “ಸುಡೋ ಪಾಸ್‌ವರ್ಡ್ ಅಂದ್ರೆ ಅಮಾನತ್ ಕಣಪ್ಪಾ. ನಂಬಿ ಕೊಟ್ಟಿದ್ದು.” ಕಾಲೇಜಿನಿಂದಲೇ ಅಮಾನತು ಮಾಡುತ್ತಾರೇನೋ ಎಂದು ಹೆದರಿದ್ದ ನನಗೆ ಆ ಪದದ ಇನ್ನೊಂದು ಅರ್ಥ ಅಂದು ಮನಸ್ಸಿಗೆ ನಾಟಿತು. ಈಗ ಪಟ್ಟಿಯ ಕೊನೆಯ ಹೆಸರನ್ನೂ ಓದಿಯೇ ಎಂಟರ್ ಒತ್ತುತ್ತೇನೆ.